ಹೊಸ ಗೋಡೆಯ ಮೇಲಿನ ವಿಳಾಸ

ಫೆಬ್ರವರಿ ೧೧

ಗುಬ್ಬಿ,

ಈ ಕಾಗದ ನಿನ್ನ ಕೈ ಸೇರುತ್ತದೋ ಇಲ್ಲವೋ ತಿಳಿಯದು. ನಿನ್ನ ಮನೆಯ ವಿಳಾಸ ನನ್ನಲ್ಲಿಲ್ಲ. ಅದಕ್ಕೇ ಲಕೋಟೆಯ ಮೇಲೆ ‘ಮಾತಾಡುವ ಪುಸ್ತಕಗಳ ಗ್ರಂಥಾಲಯ, ಬೇಕರಿಯ ಮೇಲಿನ ಮಹಡಿ’ ಎಂದು ಬರೆದು, ಕೆಳಗೆ ‘ಸಮುದ್ರಯಾನದ ಕಾದಂಬರಿ ಓದುತ್ತಿರುವವರಿಗೆ’ ಎಂದು ಸೇರಿಸಿದ್ದೇನೆ. ಬೇರೆ ಯಾರಾದರೂ ಒಡೆದಿದ್ದರೆ ಕ್ಷಮಿಸಿ, ಮಡಚಿ ಅವಳ ಕೈಗೆ ಕೊಡಿ.

ಅದು ನೀನೇ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಅಮ್ಮನಿಗೆ ಈಗ ಬೆಳಕು ಕತ್ತಲೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಹೊತ್ತು ಕಳೆಯಲೆಂದು ಒಂದು ಪುಟ್ಟ ಸ್ಪೀಕರ್ ತಂದುಕೊಟ್ಟೆ. ಗ್ರಂಥಾಲಯದ ಹೆಸರು, ಪುಸ್ತಕದ ಹೆಸರು ಹೇಳಿದರೆ ಸಾಕು, ಅದೇ ಓದುತ್ತದೆ. ಮೊನ್ನೆ ಅಮ್ಮ ಆ ಕಾದಂಬರಿ ಕೇಳಿದಳು. ನಾನು ಅದೇ ಮೇಜಿನ ಇನ್ನೊಂದು ತುದಿಯಲ್ಲಿ ಪಠ್ಯಪುಸ್ತಕದ ಕರಡು ತಿದ್ದುತ್ತಿದ್ದೆ. ಮೊದಲ ವಾಕ್ಯಕ್ಕೇ ಕೆಂಪು ಪೆನ್ನು ನಿಂತಿತು. ಪೂರ್ಣವಿರಾಮ ಬರುವ ಮೊದಲೇ ಒಂದು ಚಿಟಿಕೆಯಷ್ಟು ನಿಂತು ಉಸಿರೆಳೆದುಕೊಳ್ಳುವ ಅಭ್ಯಾಸ ನಿನಗಲ್ಲದೆ ಇನ್ನಾರಿಗಿದೆ? ಶಾಲೆಯ ಪದ್ಯಸ್ಪರ್ಧೆಯಲ್ಲಿ ಅದಕ್ಕೇ ಅಲ್ಲವೇ ನಿನಗೆ ಎರಡನೇ ಬಹುಮಾನ ಬಂದದ್ದು?

ಅಮ್ಮ ಅಧ್ಯಾಯ ಮುಗಿದ ಮೇಲೆ, “ಇನ್ನೊಂದ್ಸಲ ಮೊದಲಿಂದ ಹಾಕು” ಎಂದಳು.

“ಯಾಕಮ್ಮಾ, ಅರ್ಥ ಆಗ್ಲಿಲ್ವಾ?”

“ಓದೋರ ಹಿಂದೆ ಯಾರೋ ಷಟರ್ ಎಳೆದ್ರು. ಆ ಸದ್ದಿಗೆ ಒಂದು ಮಾತು ತಪ್ಪಿಹೋಯ್ತು.”

ಐದು ವರ್ಷದ ಹಿಂದಿನದನ್ನು ಕೆದಕಲು ನಾನು ಬರೆಯುತ್ತಿಲ್ಲ. ಔಷಧದಂಗಡಿಯಲ್ಲಿ ಅಮ್ಮ ಒಂದು ಚೀಟಿಗೆ ಬೇರೆ ಮಾತ್ರೆ ಕೊಟ್ಟದ್ದನ್ನು ನೀನು ಕಂಡೆ. ಅವಳ ಕಣ್ಣು ಮಂಜಾಗಿದೆ ಎಂದು ಅಂಗಡಿಯ ಯಜಮಾನರಿಗೆ ಹೇಳಿದೆ. ಹೇಳಬೇಕಾದದ್ದೇ. ಆದರೆ ಅವಳಿಗೆ ಹೇಳುವ ಮೊದಲು ಅವರಿಗೆ ಹೇಳಿದೆ. ಅರ್ಧ ಆಯುಸ್ಸು ನಿಂತ ಕೌಂಟರಿನಿಂದ ಅವಳು ಅವತ್ತೇ ಇಳಿದಳು. ಮನೆಗೆ ಬಂದು, ಚಪ್ಪಲಿ ಕೂಡ ಬಿಡದೆ ನಿನಗೆ ಅಂದಳಲ್ಲ: “ನೀನು ಎಲ್ಲಿರ್ತೀಯ ಅನ್ನೋದು ಇನ್ಮೇಲೆ ನನಗೆ ಗೊತ್ತಾಗೋದೇ ಬೇಡ.” ಸಿಟ್ಟಿನಲ್ಲಿ ಜನ ಸಾವಿರ ಅನ್ನುತ್ತಾರೆ. ನೀನೊಬ್ಬಳು ಅದನ್ನು ಅಕ್ಷರ ಬಿಡದೆ ಪಾಲಿಸಿದೆ.

ನನ್ನ ಆಸೆ ದೊಡ್ಡದಲ್ಲ. ನೀವಿಬ್ಬರೂ ಒಂದೇ ಕೋಣೆಯಲ್ಲಿ ಕೂತು ಜಗಳವಾಡುವುದನ್ನು ನೋಡಬೇಕು.

ಅಂದಹಾಗೆ ಅಮ್ಮ ಒಂದು ಪ್ರಶ್ನೆ ಕೇಳಿದಳು. ನನಗೆ ಉತ್ತರ ಗೊತ್ತಾಗಲಿಲ್ಲ. ನಿನ್ನ ಭಾವನವರು “ಅದೆಲ್ಲಾ ಇಂಟರ್‌ನೆಟ್ ಅತ್ತೆ” ಎಂದು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡರು. ಪ್ರಶ್ನೆ ಇದು: “ನಾನು ಬರೀ ಹೆಸರು ಹೇಳ್ತೀನಿ. ಆ ಡಬ್ಬಿಗೆ ಎಲ್ಲಿಗೆ ಹೋಗ್ಬೇಕು ಅಂತ ಹೇಗೆ ಗೊತ್ತಾಗುತ್ತೆ?” ಗ್ರಂಥಾಲಯದವರನ್ನೇ ಕೇಳಿ ಬರೆಯುತ್ತೇನೆ ಎಂದಿದ್ದೇನೆ. ಯಾರನ್ನು ಎಂದು ಅವಳು ಕೇಳಲಿಲ್ಲ.

ಉತ್ತರದ ದಾರಿ ನೋಡುವ
ಅಕ್ಕ

*

ಮಾರ್ಚ್ ೨

ಅಕ್ಕಾ,

ಕಾಗದ ಬಂತು. ಗ್ರಂಥಪಾಲಕರು ಅದನ್ನು ನನ್ನ ಮೇಜಿನ ಮೇಲಿಟ್ಟು, “ನಿಮಗೆ ಅಭಿಮಾನಿಗಳು ಹುಟ್ಟಿಕೊಂಡಿದ್ದಾರೆ” ಎಂದರು. ನಿನ್ನ ಅಕ್ಷರ ನೋಡಿದ ಮೇಲೆ ಒಡೆಯಲು ಸಂಜೆಯಾಯಿತು.

ಪುಸ್ತಕ ಓದುವುದು ನನ್ನ ಕೆಲಸವಲ್ಲ, ಬಿಡುವಿನ ಚಟ. ಸಂಬಳದ ಕೆಲಸ ಇಲ್ಲಿನ ಯಂತ್ರಗಳನ್ನು ನೋಡಿಕೊಳ್ಳುವುದು. ಅದರಲ್ಲೂ ಹೆಸರು ಕೇಳಿದವರಿಗೆ ವಿಳಾಸ ಹೇಳುವ ನೇಮ್ ಸರ್ವರ್‌ಗಳನ್ನು. ಹಾಗಾಗಿ ಅಮ್ಮನ ಪ್ರಶ್ನೆ ಸರಿಯಾದ ಬಾಗಿಲನ್ನೇ ತಟ್ಟಿದೆ. ಉಳಿದ ವಿಷಯಕ್ಕೆ ನನ್ನಲ್ಲಿ ಮಾತಿಲ್ಲ, ಇದಕ್ಕೆ ಇದೆ.

ಡಬ್ಬಿಗೆ ಹೇಗೆ ಗೊತ್ತಾಗುತ್ತದೆ? ಗೊತ್ತಾಗುವುದಿಲ್ಲ. ‘ನನಗೆ ಗೊತ್ತಿಲ್ಲ’ ಎಂಬಲ್ಲಿಂದಲೇ ಇಡೀ ಏರ್ಪಾಡು ಶುರುವಾಗುವುದು. ಯಂತ್ರಗಳು ಒಂದನ್ನೊಂದು ತಲುಪುವುದು ಅಂಕಿಗಳ ವಿಳಾಸದಿಂದ. ಹೆಸರುಗಳು ಇರುವುದು ನಮ್ಮಂಥ ಮರೆಗುಳಿಗಳಿಗಾಗಿ. ಯಾವ ಹೆಸರಿಗೆ ಯಾವ ಅಂಕಿ ಎಂಬ ಪೂರ್ತಿ ಪಟ್ಟಿ ಈ ಜಗತ್ತಿನಲ್ಲಿ ಯಾರ ಬಳಿಯೂ ಇಲ್ಲ. ಯಾರೂ ಅದನ್ನು ಇಟ್ಟುಕೊಳ್ಳಲಾರರು.

ಅಮ್ಮ ಹೆಸರು ಹೇಳಿದಾಗ, ನಿಮ್ಮ ಇಂಟರ್‌ನೆಟ್ ಕಂಪನಿಯ ಒಂದು ಯಂತ್ರ ಅವಳ ಪರವಾಗಿ ವಿಚಾರಿಸಿಕೊಂಡು ಬರಲು ಹೊರಡುತ್ತದೆ. ಅದನ್ನು ‘ಕೇಳುವವನು’ ಎನ್ನೋಣ. ಅವನಿಗೆ ಬಾಯಿಪಾಠ ಇರುವುದು ಇಷ್ಟೇ: ಎಲ್ಲಕ್ಕಿಂತ ಮೇಲೆ ಕೂತಿರುವ ರೂಟ್ ಸರ್ವರ್‌ಗಳ ಹದಿಮೂರು ಹೆಸರು, ಅವುಗಳ ವಿಳಾಸ. ಹೆಸರು ಹದಿಮೂರಾದರೂ ಒಂದೊಂದರ ಹಿಂದೆಯೂ ಲೋಕದ ನಾನಾ ಮೂಲೆಗಳಲ್ಲಿ ಹತ್ತಾರು ನೂರಾರು ಯಂತ್ರಗಳಿವೆ. ಎಲ್ಲವೂ ಒಂದೇ ವಿಳಾಸಕ್ಕೆ ಓಗೊಡುತ್ತವೆ, ಸಾಮಾನ್ಯವಾಗಿ ಹತ್ತಿರವಿದ್ದದ್ದು ಉತ್ತರಿಸುತ್ತದೆ. ಕೇಳುವವನು ಅಲ್ಲಿಗೆ ಹೋಗಿ, “ಮಾತಾಡುವ ಗ್ರಂಥಾಲಯ ಎಲ್ಲಿ?” ಎನ್ನುತ್ತಾನೆ. ರೂಟ್ ಹೇಳುತ್ತದೆ: “ಅದು ನನಗೆ ಗೊತ್ತಿಲ್ಲಪ್ಪ. ಆದರೆ ಆ ಹೆಸರಿನ ಕೊನೆಯಲ್ಲಿ ಚುಕ್ಕಿಯಾದ ಮೇಲೆ ಒಂದು ಪದವಿದೆಯಲ್ಲ, ಅಂಥ ಹೆಸರುಗಳ ನೋಂದಣಿ ಇಟ್ಟುಕೊಂಡವರು ಇಂಥಲ್ಲಿದ್ದಾರೆ. ಅವರನ್ನು ಕೇಳು.” ಅಲ್ಲಿ ಹೋದರೆ ಅವರೂ ಹೇಳುವುದು ಅದೇ: “ಗ್ರಂಥಾಲಯ ಎಲ್ಲಿದೆ ಎಂದು ನಮಗೆ ಗೊತ್ತಿಲ್ಲ. ಆದರೆ ಆ ಗ್ರಂಥಾಲಯದ ಹೆಸರುಗಳನ್ನು ನೋಡಿಕೊಳ್ಳುವ ಸರ್ವರ್ ಇಂಥದ್ದು.” ಕೊನೆಗೆ ಅವನು ನನ್ನ ಯಂತ್ರದ ಬಾಗಿಲಿಗೆ ಬರುತ್ತಾನೆ. ಅದು ಇರುವುದು ಗ್ರಂಥಾಲಯದ ಒಳಗೇ, ಅದರ ಹೆಸರೂ ಗ್ರಂಥಾಲಯದ ಹೆಸರಿಗೇ ಸೇರಿದ್ದು. ನನ್ನ ಯಂತ್ರಕ್ಕೆ ಲೋಕದ ಬೇರೆ ಯಾವ ಸುದ್ದಿಯೂ ಗೊತ್ತಿಲ್ಲ, ತನ್ನ ಮನೆಯದು ಮಾತ್ರ ಗೊತ್ತು. ಅದು ಹೇಳುತ್ತದೆ. ಅಮ್ಮ ಹೆಸರು ಹೇಳಿ ತುಟಿ ಮುಚ್ಚುವಷ್ಟರಲ್ಲಿ ಇಷ್ಟೂ ನಡೆದಿರುತ್ತದೆ.

ನನ್ನ ವಿಳಾಸ ಕೇಳಬೇಡ. ಅವಳು ಗೊತ್ತಾಗುವುದು ಬೇಡ ಎಂದಿದ್ದಾಳೆ. ಬೇಕು ಎಂದು ಅವಳು ಹೇಳಿಲ್ಲ.

ನಿನ್ನ ತಂಗಿ

*

ಮಾರ್ಚ್ ೨೩

ಗುಬ್ಬಿ,

ನಿನ್ನ ಕಾಗದದ ಮಧ್ಯಭಾಗವನ್ನು ಅಮ್ಮನಿಗೆ ಎರಡು ಸಲ ಓದಿದೆ. ‘ಗ್ರಂಥಾಲಯದವರು ಬರೆದಿದ್ದಾರೆ’ ಎಂದೆ. “ಒಳ್ಳೆ ವಿವರವಾಗಿ ಬರೀತಾರೆ ಗ್ರಂಥಾಲಯದವರು” ಎಂದಳು. ಅವಳ ಮುಖ ನೋಡಿದೆ. ಏನೂ ಓದಲಾಗಲಿಲ್ಲ. ಕರಡು ತಿದ್ದುವವಳಿಗೆ ಅಮ್ಮನ ಮುಖ ಯಾವತ್ತೂ ಕಷ್ಟದ ಹಾಳೆ.

ನನಗಂತೂ ಅವತ್ತು ನಿದ್ದೆ ತಡವಾಗಿ ಬಂತು. ನಾನು ಇಷ್ಟು ವರ್ಷ ಕವಿತೆ ಓದಿದವಳು, ಸ್ನಾತಕೋತ್ತರ ಪದವಿಗೆ ಮೌನದ ಬಗ್ಗೆ ಪ್ರಬಂಧ ಬರೆದವಳು. ಆದರೆ ‘ನನಗೆ ಗೊತ್ತಿಲ್ಲ, ಅವರನ್ನು ಕೇಳು’ ಎಂಬ ಎರಡು ಮಾತಿನ ಮೇಲೆ ಇಡೀ ಲೋಕದ ಸಂಪರ್ಕ ನಿಂತಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ತುತ್ತತುದಿಯಲ್ಲಿ ಕೂತವರಿಗೆ ಎಲ್ಲವೂ ಗೊತ್ತಿರಬೇಕು ಎಂದುಕೊಂಡಿದ್ದೆ. ಇಲ್ಲಿ ನೋಡಿದರೆ ತುದಿಗೆ ಹೋದಷ್ಟೂ ಗೊತ್ತಿರುವುದು ಕಡಿಮೆ. ಆದರೂ ಬಂದವರನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. ಎಂಥ ದೊಡ್ಡಸ್ತಿಕೆ ಅದು! ನನ್ನ ಕಸುಬಿನಲ್ಲಿ ಗೊತ್ತಿಲ್ಲದವರು ಗೊತ್ತಿಲ್ಲ ಎನ್ನುವುದಿಲ್ಲ, ಅಡಿಟಿಪ್ಪಣಿ ಹಾಕುತ್ತಾರೆ.

ನಿನ್ನ ಭಾವನವರು ಮಾತ್ರ ಜಗ್ಗಲಿಲ್ಲ. “ಇದರಲ್ಲೇನು ಹೊಸದು? ಸರ್ಕಾರಿ ಕಚೇರೀಲೂ ಹೀಗೇ ತಾನೇ? ಆ ಟೇಬಲ್ ಕೇಳಿ, ಈ ಟೇಬಲ್ ಕೇಳಿ.”

ಅಮ್ಮ ತಕ್ಷಣ ಅಂದಳು: “ಅಲ್ಲಿ ಕೊನೇ ಟೇಬಲ್‌ನವನು ರಜೆ ಇರ್ತಾನೆ ಅಳಿಯಂದಿರೆ. ಇಲ್ಲಿ ಅವನು ಇದಾನೆ.”

ಆಮೇಲೆ ಸ್ಪೀಕರಿನ ಮೇಲೆ ಬೆರಳಿಟ್ಟು, ಔಷಧದ ಶೀಶೆಯ ಮುಚ್ಚಳ ತಿರುವುವ ಹಾಗೆ ಅದರ ಅಂಚನ್ನು ತಿರುವುತ್ತಿದ್ದಳು. ದೀಪ ಹಚ್ಚುವ ಹೊತ್ತಿಗೆ ಕೇಳಿದಳು: “ಅಲ್ಲ ಕಣೆ, ಒಂದು ಅನುಮಾನ. ಗ್ರಂಥಾಲಯದ ವಿಳಾಸ ಹೇಳೋನು ಗ್ರಂಥಾಲಯದ ಒಳಗೇ ಕೂತಿದಾನೆ ಅಂತೀಯ. ಅವನ ಹೆಸರೂ ಆ ಮನೆತನದ್ದೇ ಅಂತೀಯ. ಹಾಗಿದ್ರೆ ಮೊದಲು ಅವನನ್ನ ಹುಡುಕೋದು ಹೇಗೆ? ಅವನ ವಿಳಾಸ ಅವನಿಗೆ ತಾನೇ ಗೊತ್ತು?”

ಇದಕ್ಕೂ ಗ್ರಂಥಾಲಯದವರೇ ಉತ್ತರ ಬರೆಯಬೇಕಂತೆ.

ಪ್ರೀತಿಯಿಂದ
ಅಕ್ಕ

*

ಏಪ್ರಿಲ್ ೯

ಅಕ್ಕಾ,

ಅಮ್ಮನ ಪ್ರಶ್ನೆಯನ್ನು ಇಲ್ಲಿ ನನ್ನ ಜೊತೆ ಕೆಲಸ ಮಾಡುವ ಉದ್ದಣ್ಣನಿಗೆ ಓದಿ ಹೇಳಿದೆ. (ಹೆಸರಿಗೆ ತಕ್ಕ ಆಳು. ಏಣಿಯಿಲ್ಲದೆ ಮೇಲಿನ ಯಂತ್ರದ ವಯರು ಕಳಚುತ್ತಾನೆ.) ಅವನು ಚಹಾದ ಲೋಟ ಕೆಳಗಿಟ್ಟು, “ಯಾವ ಕಾಲೇಜಲ್ಲಿ ಓದಿದ್ದಾರೆ ಅವರು?” ಎಂದ. “ಔಷಧದಂಗಡಿಯಲ್ಲಿ” ಎಂದೆ. ಆ ಪ್ರಶ್ನೆ ನನ್ನ ತಲೆಗೆ ಹೊಳೆಯಲು ಕೆಲಸಕ್ಕೆ ಸೇರಿ ಒಂದು ವರ್ಷ ಹಿಡಿದಿತ್ತು. ಅಮ್ಮನಿಗೆ ಒಂದು ಸಂಜೆ.

ಅವಳು ಹೇಳಿದ್ದು ನಿಜ. ಬೀಗ ಹಾಕಿದ ಪೆಟ್ಟಿಗೆಯೊಳಗೇ ಬೀಗದ ಕೈ ಉಳಿದ ಹಾಗೆ. ಅದಕ್ಕೊಂದು ಉಪಾಯ ಮಾಡಿಟ್ಟಿದ್ದಾರೆ. ನಮ್ಮ ಮೇಲಿನ ನೋಂದಣಿಯವರು ನಮ್ಮ ನೇಮ್ ಸರ್ವರ್‌ಗಳ ಹೆಸರನ್ನಷ್ಟೇ ಅಲ್ಲ, ಅವುಗಳ ಅಂಕಿಯ ವಿಳಾಸವನ್ನೂ ಜೊತೆಯಲ್ಲೇ ಬರೆದಿಟ್ಟುಕೊಳ್ಳುತ್ತಾರೆ. ನಾವು ಹೇಳಿದ್ದನ್ನು ಹೇಳಿದ ಹಾಗೇ. ಕೇಳುವವನು ಬಂದಾಗ ಎರಡನ್ನೂ ಕೈಗಿಡುತ್ತಾರೆ. ನಮ್ಮವರು ಇದಕ್ಕೆ ‘ಗ್ಲೂ’ ಎನ್ನುತ್ತಾರೆ, ಅಂದರೆ ಅಂಟು. ಮೇಲಿನದಕ್ಕೂ ಕೆಳಗಿನದಕ್ಕೂ ನಡುವೆ ಹಚ್ಚಿದ ಒಂದು ತೊಟ್ಟು ಅಂಟು. ಅದಿಲ್ಲದಿದ್ದರೆ ನಾವು ಇದ್ದೂ ಇಲ್ಲದವರು.

ಕೊನೆಯ ಟೇಬಲ್ಲಿನವನು ರಜೆ ಹಾಕಬಹುದೆಂಬ ಹೆದರಿಕೆ ನಮಗೂ ಇದೆ. ಅದಕ್ಕೇ ನೇಮ್ ಸರ್ವರ್ ಯಾವತ್ತೂ ಒಂದಿರುವುದಿಲ್ಲ, ಎರಡಾದರೂ ಇರಬೇಕು. ಕೇಳುವವನೂ ದಡ್ಡನಲ್ಲ. ಒಮ್ಮೆ ತಿಳಿದ ವಿಳಾಸವನ್ನು ಸ್ವಲ್ಪ ಕಾಲ ನೆನಪಿಟ್ಟುಕೊಳ್ಳುತ್ತಾನೆ, ಮತ್ತೆ ಮತ್ತೆ ಮೇಲಿನವರನ್ನು ಕಾಡುವುದಿಲ್ಲ. ಇನ್ನೊಂದು ನನಗೆ ತುಂಬ ಇಷ್ಟ, ಅಮ್ಮನಿಗೆ ಹೇಳು. ಆ ಹದಿಮೂರು ಹೆಸರಿನ ಪಟ್ಟಿ ಅವನ ಬಳಿ ಎಷ್ಟು ಹಳೆಯದಾದರೂ ಇರಬಹುದು. ಎದ್ದ ಕೂಡಲೇ ಅದರಲ್ಲಿ ಒಬ್ಬರನ್ನು ಹುಡುಕಿ, “ನೀವೆಲ್ಲ ಈಗ ಎಲ್ಲೆಲ್ಲಿದ್ದೀರಿ?” ಎಂದು ಮೊದಲು ಕೇಳಿಕೊಳ್ಳುತ್ತಾನೆ. ಹಳೆಯ ಪಟ್ಟಿಯಲ್ಲಿ ಒಬ್ಬರು ಸರಿಯಾಗಿ ಸಿಕ್ಕರೆ ಸಾಕು, ಎಲ್ಲರೂ ಸಿಕ್ಕ ಹಾಗೆ.

ನಾವು ಜಾಗ ಬದಲಿಸುತ್ತಿದ್ದೇವೆ. ಬೇಕರಿಯವರಿಗೆ ಮಹಡಿ ಬೇಕಂತೆ. ಊರಿನ ಇನ್ನೊಂದು ತುದಿಯಲ್ಲಿ ಮುಚ್ಚಿಹೋದ ಈಜುಕೊಳದ ಕಟ್ಟಡ ಸಿಕ್ಕಿದೆ. ಬಟ್ಟೆ ಬದಲಿಸುತ್ತಿದ್ದ ಸಣ್ಣ ಕೋಣೆಗಳಲ್ಲಿ ಧ್ವನಿಮುದ್ರಣ, ಟವೆಲ್ ಇಡುತ್ತಿದ್ದ ಕೋಣೆಯಲ್ಲಿ ನನ್ನ ಯಂತ್ರಗಳು. ಹಳೆಯ ವಿಳಾಸಕ್ಕೆ ಬರೆದರೂ ಅಂಚೆಯವರು ಕೆಲವು ತಿಂಗಳು ಹೊಸದಕ್ಕೆ ತಿರುಗಿಸಿ ಕಳಿಸುತ್ತಾರೆ.

ಅಮ್ಮ ರಾತ್ರಿ ಕಣ್ಣಿಗೆ ಔಷಧ ಹಾಕಿಕೊಳ್ಳುತ್ತಾಳಾ?

ತಂಗಿ

*

ಮೇ ೩೦

ಅಕ್ಕಾ,

ಎರಡೇ ಸಾಲು. ಬಂದೆವು. ಎಲ್ಲ ಯಂತ್ರಗಳೂ ಹೊಸ ಜಾಗದಲ್ಲಿ ಕೆಲಸ ಮಾಡುತ್ತಿವೆ. ಹಳೆಯ ಮಹಡಿಯಲ್ಲಿ ಎರಡು ಸರ್ವರ್‌ಗಳನ್ನು ಇಷ್ಟು ದಿನ ಹಾಗೇ ಬಿಟ್ಟಿದ್ದೆವು. ಈ ವಾರದ ಕೊನೆಗೆ ಅವುಗಳ ಕರೆಂಟು ತೆಗೆದು ಬೀಗದ ಕೈ ಕೊಟ್ಟುಬಿಡುತ್ತೇವೆ. ಇಷ್ಟು ದೊಡ್ಡ ಸಾಗಾಟ ಒಬ್ಬ ಕೇಳುಗರಿಗೂ ತಿಳಿಯದ ಹಾಗೆ ಮುಗಿಯಿತು. ಸ್ವಲ್ಪ ಜಂಬ ಪಡುತ್ತಿದ್ದೇನೆ, ಬೈಯಬೇಡ. ಕಾದಂಬರಿಯ ಕೊನೆಯ ಭಾಗವನ್ನು ಇನ್ನು ಓದಬೇಕು. ಇಲ್ಲಿ ಷಟರಿನ ಸದ್ದಿಲ್ಲ ಎಂದು ಹೇಳು. ಆದರೆ ಧ್ವನಿ ಸ್ವಲ್ಪ ಮೊಳಗುತ್ತದೆ, ನೀರಿಲ್ಲದ ಕೊಳದ ಪಕ್ಕ ಮಾತಾಡಿದ ಹಾಗೆ.

ತಂಗಿ

*

ಜೂನ್ ೮

ಗುಬ್ಬಿ,

ಇದನ್ನು ಓದುತ್ತಲೇ ಎದ್ದು ಯಂತ್ರಗಳನ್ನು ನೋಡು. ಗ್ರಂಥಾಲಯ ಸಿಗುತ್ತಿಲ್ಲ.

ಮಂಗಳವಾರದಿಂದ ಅಮ್ಮ ಹೆಸರು ಹೇಳಿದರೆ ಸ್ಪೀಕರು, “ಕ್ಷಮಿಸಿ, ಆ ಸ್ಥಳ ಸಿಗಲಿಲ್ಲ” ಎನ್ನುತ್ತಿದೆ. ಹಾಳಾಗಿದೆ ಎಂದು ನಿನ್ನ ಭಾವನವರು ತಿರುಪು ಬಿಚ್ಚಿ ಮೇಜಿನ ತುಂಬ ಹರಡಿದರು. ಮತ್ತೆ ಜೋಡಿಸಿದಾಗ ಒಂದು ತಿರುಪು ಉಳಿದಿದೆ. ಸ್ಪೀಕರು ಹಾಡು ಹಾಡುತ್ತದೆ, ಸುದ್ದಿ ಹೇಳುತ್ತದೆ, ನಿಮ್ಮದು ಮಾತ್ರ ಇಲ್ಲ. ನಿಮಗೆ ಇಮೇಲ್ ಮಾಡಿದೆ. ‘ಈ ವಿಳಾಸವೇ ಸಿಗುತ್ತಿಲ್ಲ’ ಎಂದು ವಾಪಸು ಬಂತು. ಹಳೆಯ ನಂಬರಿಗೆ ಫೋನ್ ಮಾಡಿದರೆ ಯಾರೋ ಸುಶ್ರಾವ್ಯವಾಗಿ, “ನಾವು ಸ್ಥಳ ಬದಲಿಸಿದ್ದೇವೆ, ಹೊಸ ನಂಬರಿಗಾಗಿ ನಮ್ಮ ಜಾಲತಾಣ ನೋಡಿ” ಎನ್ನುತ್ತಾರೆ. ಆ ಜಾಲತಾಣವೇ ತಾನೇ ಸಿಗದಿರುವುದು! ವಿಚಿತ್ರವೆಂದರೆ ಎದುರು ಮನೆಯ ಸಂಗೀತದ ಮೇಷ್ಟರ ಸ್ಪೀಕರಿನಲ್ಲಿ ಗ್ರಂಥಾಲಯ ನೆಟ್ಟಗೆ ಬರುತ್ತಿದೆ. ಅವರದು ಬೇರೆ ಕಂಪನಿಯ ಇಂಟರ್‌ನೆಟ್.

ಅಮ್ಮ ಊಟಕ್ಕೆ ಕರೆದರೆ ಬರುವಳು, ಮತ್ತೆ ಆ ಡಬ್ಬಿಯ ಮುಂದೆ ಕೂರುವಳು. ನಾಯಕಿಯ ಹಡಗು ಬಂದರಿನಿಂದ ಕಾಣದಷ್ಟು ದೂರ ಹೋದಲ್ಲಿಗೆ ಕತೆ ನಿಂತಿದೆಯಂತೆ. ಮೇಷ್ಟರ ಮನೆಗೆ ಹೋಗಿ ಕೇಳೋಣ ಎಂದರೆ, “ಬೇರೆಯವರ ಮನೇಲಿ ಕೂತು ಕೇಳೋ ಧ್ವನಿಯಲ್ಲ ಅದು” ಎಂದಳು. ನಾನು ತಟ್ಟೆ ತೊಳೆಯುವುದನ್ನು ನಿಲ್ಲಿಸಿದೆ.

ಇವತ್ತು ಬೆಳಗ್ಗೆ ತಲೆಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಾ ಇದ್ದಕ್ಕಿದ್ದ ಹಾಗೆ, “ಅವರು ಜಾಗ ಬದಲಾಯಿಸಿದ್ರು ಅಂದ್ಯಲ್ಲ” ಎಂದಳು.

“ಹೌದಮ್ಮ. ಎಲ್ಲಾ ಸರಿಯಾಗಿ ಆಯ್ತು ಅಂತ ಬರೆದಿದ್ರು.”

“ಆ ಅಂಟು? ಮೇಲಿನವರ ಹತ್ರ ಬರೆಸಿರೋ ವಿಳಾಸ? ಅದನ್ನ ಬದಲಾಯಿಸಿದ್ರಾ?”

“ನನಗೇನು ಗೊತ್ತಮ್ಮ?”

“ಮನೆ ಬದಲಾಯಿಸಿ, ಹೊಸ ವಿಳಾಸಾನ ಹೊಸ ಮನೆ ಗೋಡೆ ಮೇಲೆ ದೊಡ್ಡದಾಗಿ ಬರೆದುಕೊಂಡ್ರೆ ಬಂತಾ? ಒಳಗಿದ್ದೋರಿಗೆ ಕಾಣುತ್ತೆ. ಹುಡುಕೋರಿಗೆ?” ನನ್ನ ಕೈಯನ್ನು ತಲೆಯಿಂದ ತೆಗೆದಳು. “ಬರಿ ಅವಳಿಗೆ. ಮೇಲಿನವರಿಗೆ ಹೇಳಿದ್ಯಾ ಅಂತ ಕೇಳು. ಅವಳು ಮೊದಲಿಂದ ಹಾಗೇನೆ. ಕೆಲಸ ಅಚ್ಚುಕಟ್ಟು. ಹೇಳ್ಬೇಕಾದೋರಿಗೆ ಮಾತ್ರ ಹೇಳಲ್ಲ.”

ಗುಬ್ಬಿ, ಐದು ವರ್ಷದಲ್ಲಿ ಅವಳ ಬಾಯಲ್ಲಿ ‘ಅವಳು’ ಎಂದು ಕೇಳಿದ್ದು ಇದೇ ಮೊದಲು. ಗ್ರಂಥಾಲಯದವರು ಯಾರೆಂದು ಅವಳಿಗೆ ಮೊದಲ ವಾಕ್ಯದಲ್ಲೇ ತಿಳಿದಿತ್ತು.

ಬೆರಳಿಗಿನ್ನೂ ಎಣ್ಣೆ ಇದೆ. ಕಾಗದಕ್ಕೆ ಹತ್ತಿದ್ದರೆ ಕ್ಷಮಿಸು.

ಅಕ್ಕ

*

ಜೂನ್ ೧೫

ಅಕ್ಕಾ,

ನಿನ್ನ ಕಾಗದ ಹಳೆಯ ವಿಳಾಸದ ಮೇಲೆ ಅಂಚೆಯವರ ಹಳದಿ ಚೀಟಿ ಅಂಟಿಸಿಕೊಂಡು ಇವತ್ತು ಬೆಳಗ್ಗೆ ಬಂತು. ಟವೆಲ್ ಕೋಣೆಯಲ್ಲಿ ನಿಂತೇ ಓದಿದೆ. 

ಅಮ್ಮ ಹೇಳಿದ್ದರಲ್ಲಿ ಒಂದಕ್ಷರ ತಪ್ಪಿಲ್ಲ. ಹೊಸ ವಿಳಾಸವನ್ನು ನಮ್ಮ ಸರ್ವರಿನಲ್ಲಿ ಎಷ್ಟು ಚೆಂದ ಬರೆದಿದ್ದೆ! ಮೇಲಿನ ನೋಂದಣಿಯಲ್ಲಿ ಮಾತ್ರ ಬೇಕರಿಯ ಮಹಡಿಯ ಹಳೆಯ ಅಂಕಿಗಳೇ ಕೂತಿದ್ದವು. ಹಳೆಯ ಸರ್ವರ್‌ಗಳು ಓಡುತ್ತಿದ್ದಷ್ಟು ದಿನ, ಮೇಲಿನವರು ಹಳೆಯ ಬಾಗಿಲಿಗೆ ಕಳಿಸಿದರೂ ಅಲ್ಲಿದ್ದದ್ದು ಸರಿಯಾದ ದಾರಿಯನ್ನೇ ಹೇಳುತ್ತಿತ್ತು. ಎಲ್ಲ ಸರಿಯಾಗಿ ಕಂಡದ್ದರಿಂದ ಎಲ್ಲ ಮುಗಿಯಿತು ಎಂದುಕೊಂಡೆ. ಕರೆಂಟು ತೆಗೆದ ದಿನದಿಂದ ಕೇಳುವವರು ಒಬ್ಬೊಬ್ಬರಾಗಿ ಹೋಗಿ ಖಾಲಿ ಮಹಡಿಯ ಬಾಗಿಲು ತಟ್ಟಿ ವಾಪಸಾಗಿದ್ದಾರೆ. ಮೇಷ್ಟರ ಕಂಪನಿಯ ಯಂತ್ರಕ್ಕೆ ಹೊಸ ಜಾಗದ ನೆನಪು ಇನ್ನೂ ಉಳಿದಿತ್ತು. ಅದೂ ಇನ್ನೆಷ್ಟು ದಿನವೋ.

ಇಲ್ಲಿ ನಮಗೆ ಏನೂ ಗೊತ್ತಾಗಲಿಲ್ಲ. ಕಟ್ಟಡದೊಳಗಿನ ಯಂತ್ರಗಳು ನೇರ ನಮ್ಮ ಸರ್ವರನ್ನೇ ಕೇಳುತ್ತವೆ. ನನ್ನ ಮನೆಯದೂ ಹಾಗೇ, ನಾನೇ ಹಾಗೆ ಮಾಡಿಕೊಂಡಿದ್ದೆ. ನಮ್ಮ ಮನೆಯಲ್ಲೇ ಕೂತು ನಮ್ಮ ಮನೆ ಎಲ್ಲಿ ಎಂದು ಕೇಳಿದರೆ ಸರಿಯಾದ ಉತ್ತರವೇ ಬರುತ್ತದೆ. ದೂರುಗಳು ಕಡಿಮೆಯಾದವು ಎಂದು ಗ್ರಂಥಪಾಲಕರು ನನ್ನನ್ನು ಹೊಗಳಿಯೂ ಆಗಿತ್ತು. ನಾವೇ ಸಿಗದಿರುವಾಗ ಜನ ದೂರು ಕೊಡುವುದಾದರೂ ಎಲ್ಲಿಗೆ? ಎಷ್ಟು ಮಂದಿ ತಮ್ಮ ಡಬ್ಬಿಯೇ ಕೆಟ್ಟಿತು ಎಂದುಕೊಂಡು, ಯಾರಿಗೂ ಹೇಳದೆ ಕೂತಿದ್ದರೋ.

ಉದ್ದಣ್ಣ ತನ್ನ ಹೆಂಡತಿಯ ಫೋನಿನಿಂದ ಹೊರಗಿನ ದಾರಿಯಲ್ಲಿ ಹುಡುಕಿ ನೋಡಿದ. “ಇಲ್ಲ ಕಣ್ರೀ ನಾವು” ಎಂದ. ಅವನ ಮುಖ ನೋಡಿ ನನಗೆ ನಗು, ಅಳು ಒಟ್ಟಿಗೇ ಬಂತು. ಮಧ್ಯಾಹ್ನದೊಳಗೆ ನೋಂದಣಿಯವರಿಗೆ ಹೊಸ ವಿಳಾಸ ಕೊಟ್ಟೆವು. ಸಂಜೆಗೆ ಅದೇ ಫೋನಿನಲ್ಲಿ ಸಿಕ್ಕೆವು. ಉಳಿದವರಿಗೆ ನಾಳೆ ನಾಡಿದ್ದರಲ್ಲಿ ಸಿಗುತ್ತೇವೆ, ನಿಮ್ಮ ಕಂಪನಿಯವನು ತನ್ನ ಹಳೆಯ ನೆನಪು ಅಳಿಸಿದ ಮೇಲೆ. ಉದ್ದಣ್ಣ ಗೋಡೆಯ ಮೇಲೆ ಒಂದು ಚೀಟಿ ಅಂಟಿಸಿದ್ದಾನೆ: ‘ಮೇಲಿನವರಿಗೆ ಹೇಳಿದ್ದೀಯಾ?’ ಕೆಳಗೆ, ‘— ಔಷಧದಂಗಡಿಯ ಅಮ್ಮ’.

ಅವಳು ಈ ಏರ್ಪಾಡನ್ನು ಕಣ್ಣಿಂದ ನೋಡಿಲ್ಲ. ಇದರ ಬಗ್ಗೆ ಒಂದು ಪುಸ್ತಕವನ್ನೂ ಓದಿಲ್ಲ. ನಿನ್ನ ಬಾಯಿಂದ ಎರಡು ಕಾಗದ ಕೇಳಿ, ಎಲ್ಲಿ ತಪ್ಪಬಹುದು ಎಂದು ಬೆರಳಿಟ್ಟು ತೋರಿಸಿದ್ದಾಳೆ. ಅವಳಷ್ಟು ಚೆನ್ನಾಗಿ ಚೀಟಿ ಓದುವವರು ಆ ಕೌಂಟರಿನಲ್ಲಿ ಮತ್ತೆ ಯಾರೂ ನಿಂತಿರಲಾರರು.

ಜೊತೆಗೊಂದು ಬೇರೆ ಹಾಳೆ ಇಟ್ಟಿದ್ದೇನೆ. ಅದು ಅಮ್ಮನಿಗೆ. ಈ ಸಲ ‘ಗ್ರಂಥಾಲಯದವರು’ ಎನ್ನಬೇಡ.

ತಂಗಿ

*

ಜೂನ್ ೧೫

ಅಮ್ಮಾ,

ನಾನು ಇರುವ ಜಾಗ ಹೇಳುತ್ತೇನೆ. ಅಕ್ಕ ನಿಧಾನವಾಗಿ ಓದಲಿ.

ಬಸ್ ನಿಲ್ದಾಣದಲ್ಲಿ ಇಳಿದು ನನ್ನ ಮನೆ ಎಲ್ಲಿ ಎಂದರೆ ಯಾರಿಗೂ ಗೊತ್ತಿರುವುದಿಲ್ಲ. ಗಡಿಯಾರ ರಿಪೇರಿಯವನ ಅಂಗಡಿ ಕೇಳು, ಅದು ಎಲ್ಲರಿಗೂ ಗೊತ್ತು. ಹತ್ತಿರ ಹೋದರೆ ನಿನಗೇ ಕೇಳಿಸುತ್ತದೆ, ಅಷ್ಟೂ ಗಡಿಯಾರಗಳು ಒಂದೊಂದು ಹೊತ್ತು ಬಾರಿಸುತ್ತವೆ. ಅವನಿಗೆ ನನ್ನ ಮನೆ ಗೊತ್ತಿಲ್ಲ. ಆದರೆ ಹುಡುಗಿಯರ ಶಾಲೆಯ ಹಿಂದಿನ ಗೇಟು ಗೊತ್ತು. ಗೇಟಿನ ಕಾವಲುಗಾರನಿಗೂ ನಾನು ಗೊತ್ತಿಲ್ಲ, ಮೆಟ್ಟಿಲ ಕೆಳಗೆ ಇಸ್ತ್ರಿ ಮಾಡುವ ಅಜ್ಜಿ ಗೊತ್ತು. ಬಿಸಿ ಬಟ್ಟೆಯ ವಾಸನೆ ಬಂದಲ್ಲಿ ನಿಲ್ಲು. ಅಜ್ಜಿಗೆ ನಾನು ಗೊತ್ತು. ಅದೇ ಮೆಟ್ಟಿಲು ಹತ್ತಿದರೆ ಎಡಗಡೆಯ ಬಾಗಿಲು. ಹಿಡಿದುಕೊಳ್ಳುವ ಕಂಬಿ ಬಲಗಡೆ ಇದೆ, ಗಟ್ಟಿಯಾಗಿದೆ.

ಗೊತ್ತಾಗುವುದೇ ಬೇಡ ಎಂದು ನೀನು ಹೇಳಿದ್ದೆ. ಆದರೂ ಹೇಳಿದ್ದೇನೆ. ಬೈದರೆ ಬೈಯಿ. ಈ ಮನೆಯ ವಿಳಾಸ ಅಕ್ಕನಿಗೂ ಇನ್ನೂ ಗೊತ್ತಿಲ್ಲ, ಓದುತ್ತಿರುವಾಗಲೇ ತಿಳಿಯುತ್ತಿದೆ. ಈ ಸಲ ಮೊದಲು ನಿನಗೇ ಹೇಳಿದ್ದು.

ಗುಬ್ಬಿ

*

ಜೂನ್ ೨೭

(ಅಮ್ಮ ಹೇಳುತ್ತಿದ್ದಾಳೆ, ನಾನು ಬರೆಯುತ್ತಿದ್ದೇನೆ. ಏನನ್ನೂ ತಿದ್ದಬಾರದೆಂದು ಆಜ್ಞೆಯಾಗಿದೆ. — ಅಕ್ಕ)

ಗುಬ್ಬೀ,

ನಿನ್ನ ಹಾಳೆ ಬಂತು. ನಿನ್ನಕ್ಕ ಓದಿದ್ಲು. ಮಧ್ಯೆ ಮಧ್ಯೆ ಮೂಗು ಒರೆಸ್ಕೊಂಡ್ಲು, ಅದಕ್ಕೆ ಎರಡನೇ ಸಲ ಅಳಿಯಂದಿರ ಕೈಲಿ ಓದಿಸ್ದೆ. ಅವರು ‘ಇಸ್ತ್ರಿ’ಯಲ್ಲಿ ತಡವರಿಸಿದ್ರು, ಉಳಿದಿದ್ದು ಪರವಾಗಿಲ್ಲ.

ಗ್ರಂಥಾಲಯ ಮತ್ತೆ ಬರ್ತಾ ಇದೆ. ಹಡಗಿನ ಆ ಹುಡುಗಿ ದಡ ಸೇರಿದ್ಲು, ಕೇಳಿದೆ. ಕೊನೇ ಅಧ್ಯಾಯದಲ್ಲಿ ನಿನಗೆ ನೆಗಡಿ. ಹೊಸ ಜಾಗ ಥಂಡಿ ಇರ್ಬೇಕು. ಕಾಲಿಗೆ ದಪ್ಪ ಚೀಲ ಹಾಕ್ಕೊಂಡು ಓದು. ನೆಗಡಿಗೆ ಕಂಡಕಂಡ ಮಾತ್ರೆ ನುಂಗ್ಬೇಡ, ಬಿಸಿನೀರು ಕುಡಿ.

ನಿನ್ನಕ್ಕ ಮೊನ್ನೆ ರಾತ್ರಿ ನನಗೆ ಬೇರೆ ಮಾತ್ರೆ ಕೊಟ್ಲು. ಬೆರಳಿಗೇ ಗೊತ್ತಾಯ್ತು, ಅಂಚು ಬೇರೆ. ನಾನು ಏನೂ ಗದರಲಿಲ್ಲ. ‘ಇದಲ್ಲ ಕಣಮ್ಮ’ ಅಂತ ಕೈಲಿಟ್ಟೆ, ಅಷ್ಟೆ. ಯಾರಿಗಾದ್ರೂ ಆಗುತ್ತೆ. (ಆಗಿದ್ದು ನಿಜ. ಇದನ್ನು ಬರೆಯಬೇಡ ಎಂದು ಬೇಡಿಕೊಂಡೆ, ಕೇಳಲಿಲ್ಲ. — ಅಕ್ಕ)

ಆ ಉದ್ದನೆಯ ಮನುಷ್ಯನಿಗೆ ಹೇಳು, ಗೋಡೆ ಮೇಲೆ ನನ್ನ ಹೆಸರು ಹಾಕ್ಬೇಕಾದ್ರೆ ನನ್ನನ್ನ ಕೇಳಿ ಹಾಕ್ಬೇಕಿತ್ತು. ಹಾಕಿದ್ದಾಯ್ತಲ್ಲ, ಈಗ ತೆಗೀಬೇಡ ಅನ್ನು.

ಮುಂದಿನ ಭಾನುವಾರ ಬರ್ತೀನಿ. ನಿನ್ನಕ್ಕ ಜೊತೆಗಿರ್ತಾಳೆ, ಆದ್ರೆ ದಾರಿ ಅವಳು ಹೇಳೋ ಹಾಗಿಲ್ಲ. ಮೊದಲು ಗಡಿಯಾರದವನು, ಆಮೇಲೆ ಶಾಲೆ ಗೇಟು, ಆಮೇಲೆ ಅಜ್ಜಿ. ನಾನೇ ಒಬ್ಬೊಬ್ಬರನ್ನ ಕೇಳ್ಕೊಂಡು ಬರ್ತೀನಿ. ನೀನು ಬಸ್ ನಿಲ್ದಾಣಕ್ಕೆ ಬಂದು ನಿಲ್ಬೇಡ, ಕೆಲಸ ಕೆಡಿಸ್ಬೇಡ.

ಕೊನೇ ಬಾಗಿಲಲ್ಲಿ ನೀನಿರು. ಅಷ್ಟು ಸಾಕು.

ಅಮ್ಮ